ಬೀರುವಿನ ಬೀಗದ ಕೈ



ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಹೋದರೆ ಉದ್ದನೆಯ ಕಾರಿಡಾರು, ಭೌತಶಾಸ್ತ್ರಕ್ಕೊಂದು ರಸಾಯನಶಾಸ್ತ್ರಕ್ಕೊಂದು ಲ್ಯಾಬು, ಬಾಗಿಲಲ್ಲಿ ಮುಖ್ಯಸ್ಥರ ಹೆಸರಿನ ಫಲಕ, ಗಾಜಿನ ಸಾಮಾನು ತೊಳೆದಿಡಲು ಅಟೆಂಡರು ಎಲ್ಲ ಇರುತ್ತದೆ. ನಾನು ಇವತ್ತು ಮಾತಾಡಹೊರಟಿರುವುದು ಸರ್ಕಾರಿ ಹೈಸ್ಕೂಲಿನ ವಿಜ್ಞಾನ ವಿಭಾಗದ ವಿಚಾರ. ಅಲ್ಲಿ ಇರುವುದು ಸಾಮಾನ್ಯವಾಗಿ ಇಬ್ಬರು ಮೇಷ್ಟ್ರುಗಳು, ಒಂದು ಕಬ್ಬಿಣದ ಬೀರು. ಅದೃಷ್ಟವಿದ್ದರೆ ಒಂದು ಕೋಣೆ. ಆ ಕೋಣೆಯ ಅರ್ಧಭಾಗದಲ್ಲಿ ಬಿಸಿಯೂಟದ ಅಕ್ಕಿ ಮೂಟೆ, ಕಾಲು ಮುರಿದ ಬೆಂಚು, ಶಾಲಾ ವಾರ್ಷಿಕೋತ್ಸವದ ಬ್ಯಾನರು ಕೂತಿರುತ್ತವೆ.

ಇಬ್ಬರಲ್ಲಿ ಒಬ್ಬರು ಪಿಸಿಎಂ, ಇನ್ನೊಬ್ಬರು ಸಿಬಿಝಡ್. ಪದವಿಯಲ್ಲಿ ಓದಿದ ಮೂರು ವಿಷಯಗಳ ಮೊದಲಕ್ಷರಗಳು ಹುದ್ದೆಯ ಹೆಸರಾಗಿ, ಕೊನೆಗೆ ಮನುಷ್ಯರ ಹೆಸರೇ ಆಗಿಬಿಟ್ಟಿವೆ. ‘ನಮ್ಮ ಸಿಬಿಝಡ್ ಮೇಡಂ ಹೆರಿಗೆ ರಜೆ ಮೇಲಿದಾರೆ’ ಅಂತಲೋ, ‘ಪಿಸಿಎಂ ಪೋಸ್ಟು ಖಾಲಿ ಬಿದ್ದಿದೆ, ಅತಿಥಿ ಶಿಕ್ಷಕರು ನೋಡಿಕೊಳ್ತಿದಾರೆ’ ಅಂತಲೋ ಹೆಡ್‌ಮಾಸ್ಟರು ಹೇಳುವುದನ್ನು ನೀವೂ ಕೇಳಿರಬಹುದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಪಿಸಿಎಂ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಸಿಬಿಝಡ್.

ಹಂಚಿಕೆ ನೋಡಿದರೆ ಸರಿಯಾಗಿಯೇ ಇದೆ. ಆದರೆ ಶಾಲೆಯ ವೇಳಾಪಟ್ಟಿ ಹಾಕುವ ಹೊತ್ತಿಗೆ ಪಿಸಿಎಂ ಮೇಷ್ಟ್ರ ತಲೆ ಮೇಲೆ ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳ ಗಣಿತ ಬಂದು ಕೂರುತ್ತದೆ. ಅಲ್ಲಿಗೆ ಅವರ ವಾರ ಮುಗಿಯಿತು. ವಿಜ್ಞಾನ ಪೂರ್ತಿಯಾಗಿ ಸಿಬಿಝಡ್‌ನವರ ಪಾಲು. ಹಾಗಾಗಿ ಪಿಯುಸಿ ಮುಗಿದ ದಿನವೇ ಭೌತಶಾಸ್ತ್ರಕ್ಕೆ ಕೈಮುಗಿದು ಬಂದ ಮೇಡಂ ಓಮನ ನಿಯಮ, ಪೀನ ಮಸೂರ, ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮ ಎಲ್ಲ ಮಾಡಬೇಕು. ಭೌತಶಾಸ್ತ್ರವನ್ನು ಪ್ರೀತಿಸಿ ಓದಿದ ಮೇಷ್ಟ್ರು ಪಕ್ಕದ ಕೋಣೆಯಲ್ಲಿ ವರ್ಗಸಮೀಕರಣ ಬಿಡಿಸುತ್ತಾ ನಿಂತಿರಬೇಕು. ಈ ವಿಚಿತ್ರವನ್ನು ಸರಿಮಾಡುವ ಆದೇಶ ಯಾವ ಕಚೇರಿಯಿಂದಲೂ ಬಂದದ್ದು ನನಗೆ ನೆನಪಿಲ್ಲ. ಸರಿಮಾಡಿಕೊಂಡವರು ಮೇಷ್ಟ್ರುಗಳೇ. ‘ಸಾರ್, ಈ ಬೆಳಕಿನ ಪಾಠ ಒಂದು ನೀವು ಮಾಡಿಕೊಡಿ, ನಿಮ್ಮ ಎಂಟನೇ ಕ್ಲಾಸಿನ ಟೆಸ್ಟ್ ಪೇಪರ್ ನಾನು ತಿದ್ದಿಕೊಡ್ತೀನಿ’ ಅಂತ ಮೇಡಂ ಕೇಳುತ್ತಾರೆ. ‘ಆಯ್ತು ಮೇಡಂ, ಆದ್ರೆ ಮಧ್ಯಾಹ್ನದ ಪೀರಿಯಡ್ ಕೊಡಿ, ಬೆಳಿಗ್ಗೆ ಆ ಕೋಣೆಗೆ ಬಿಸಿಲು ಬರಲ್ಲ’ ಅಂತ ಸಾರ್ ಹೇಳುತ್ತಾರೆ. ಸ್ಟಾಫ್‌ರೂಮಿನ ಚಹದ ಜೊತೆ ಆಗುವ ಈ ಒಪ್ಪಂದಕ್ಕೆ ಕಾಗದ ಪತ್ರ ಯಾವುದೂ ಇಲ್ಲ. ರಾಜ್ಯದ ಎಷ್ಟೋ ಮಕ್ಕಳು ಬೆಳಕಿನ ವಕ್ರೀಭವನವನ್ನು ಕಣ್ಣಾರೆ ಕಂಡದ್ದು ಇಂಥ ಒಪ್ಪಂದಗಳಿಂದಲೇ ಎಂದು ನನ್ನ ನಂಬಿಕೆ.

ಇನ್ನು ಆ ಬೀರುವಿಗೆ ಬರೋಣ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠ ರಾಸಾಯನಿಕ ಕ್ರಿಯೆಗಳದ್ದು. ಅದರಲ್ಲಿ ಒಂದು ಚಟುವಟಿಕೆ ಇದೆ. ಒಣಗಿದ ಪ್ರನಾಳಕ್ಕೆ ಸುಮಾರು 2 ಗ್ರಾಂ ಫೆರಸ್ ಸಲ್ಫೇಟ್ ಹರಳು ಹಾಕಬೇಕು, ಹರಳಿನ ಬಣ್ಣ ಗಮನಿಸಬೇಕು, ಕಾಯಿಸಬೇಕು, ಮತ್ತೆ ಬಣ್ಣ ಗಮನಿಸಬೇಕು. ಮೊದಲು ಹಸಿರು ಇರುತ್ತದೆ, ಕಾಯಿಸಿದಾಗ ನೀರಿನ ಅಂಶ ಹೋಗುತ್ತದೆ, ಆಮೇಲೆ ಒಡೆದು ಕೆಂಗಂದು ಬಣ್ಣದ ಫೆರಿಕ್ ಆಕ್ಸೈಡ್ ಉಳಿಯುತ್ತದೆ, ಸುಟ್ಟ ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ. ಬಡ ಶಾಲೆಯಲ್ಲೂ ಮಾಡಬಹುದಾದ, ಮಕ್ಕಳು ಮರೆಯದ ಪ್ರಯೋಗ.

ನಿವೃತ್ತಿಯಾದ ಮೇಲೆ ಶಿಕ್ಷಕರ ತರಬೇತಿಯ ನೆಪದಲ್ಲಿ ಶಾಲೆಗಳಿಗೆ ಹೋಗುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಹಾಗೆ ಹೋದಾಗ ಬಯಲುಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಈ ಪ್ರಯೋಗ ನಡೆದಿತ್ತು. ಮೇಡಂ ಬೀರುವಿನಿಂದ ಸೀಸೆ ತೆಗೆದು ಒಂದಿಷ್ಟು ಪುಡಿ ಕಾಗದದ ಮೇಲೆ ಸುರಿದರು. ಅದು ಹಸಿರಾಗಿರಲಿಲ್ಲ. ಸೀಸೆ ಹಳೆಯದು, ಮುಚ್ಚಳ ಸಡಿಲ. ಗಾಳಿಯ ಆಕ್ಸಿಜನ್ನು, ತೇವ ಎರಡೂ ಸೇರಿ ಫೆರಸ್ ಅನ್ನು ಫೆರಿಕ್ ಮಾಡಿದ್ದವು. ಹಳದಿ ಮಿಶ್ರಿತ ಕಂದು. ಮುಂದಿನ ಬೆಂಚಿನ ಹುಡುಗಿಯ ನೋಟ್‌ಬುಕ್ ಇಣುಕಿ ನೋಡಿದೆ. ‘ವೀಕ್ಷಣೆ: ಹರಳಿನ ಬಣ್ಣ ತಿಳಿ ಹಸಿರು’ ಎಂದು ಮುದ್ದಾಗಿ ಬರೆದಿದ್ದಳು.

‘ಏನಮ್ಮಾ, ಇದು ಹಸಿರಾ?’ ಅಂದೆ.

‘ಅಲ್ಲ ಸಾರ್, ಕಂದು.’

‘ಮತ್ತೆ?’

‘ಪುಸ್ತಕದಲ್ಲಿ ಹಸಿರು ಅಂತ ಐತಲ್ಲ ಸಾರ್. ಪರೀಕ್ಷೇಲಿ ಅದನ್ನೇ ಬರೀಬೇಕಲ್ಲ.’

ಆ ಹುಡುಗಿ ಜಾಣೆ. ಹದಿನೈದು ವರ್ಷದೊಳಗೆ ಅವಳಿಗೆ ವ್ಯವಸ್ಥೆಯ ಮರ್ಮ ಅರ್ಥವಾಗಿದೆ. ವಿಜ್ಞಾನದ ಪೀರಿಯಡ್ಡಿನಲ್ಲೇ, ಕಣ್ಣಿಗೆ ಕಂಡದ್ದನ್ನು ಬಿಟ್ಟು ಅಚ್ಚಾದದ್ದನ್ನು ಬರೆಯಬೇಕು ಎಂದು ಅವಳು ಕಲಿತಿದ್ದಾಳೆ. ಮಂತ್ರದ ತಾಯಿತ ಕಟ್ಟಿಸಿಕೊಂಡವರಿಗೂ ನಮ್ಮ ಮಕ್ಕಳಿಗೂ ಆಗ ಏನು ವ್ಯತ್ಯಾಸ ಉಳಿಯಿತು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ.

ಆದರೆ ಆ ಮೇಡಂ ಹತ್ತಿರ ಇತ್ತು. ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತು. ಬೈಯಲಿಲ್ಲ, ನಾಚಿಕೊಳ್ಳಲೂ ಇಲ್ಲ. ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಎಡಕ್ಕೆ ‘ಪುಸ್ತಕ’, ಬಲಕ್ಕೆ ‘ನಮ್ಮ ಸೀಸೆ’ ಎಂದು ಬರೆದರು. ಎಡಗಡೆ ಹಸಿರು, ಬಲಗಡೆ ಕಂದು. ‘ಯಾಕೆ ಹೀಗಾಯ್ತು ಹೇಳ್ರೋ’ ಅಂದರು. ಯಾರೋ ‘ಎಕ್ಸ್‌ಪೈರಿ ಡೇಟ್ ಮುಗಿದೈತೆ ಮಿಸ್’ ಅಂದ. ನಗು. ಮೇಡಂ ಸೀಸೆಯ ತಳದಲ್ಲಿ ಹರಳುಗಟ್ಟಿದ್ದ ಒಂದು ದಪ್ಪ ಗಡ್ಡೆಯನ್ನು ಚಿಮ್ಮಟದಿಂದ ತೆಗೆದು, ಕಾಗದದಲ್ಲಿ ಸುತ್ತಿ, ಕಲ್ಲಿನಿಂದ ಒಂದು ಏಟು ಕೊಟ್ಟರು. ಬಿಚ್ಚಿ ತೋರಿಸಿದಾಗ ಗಡ್ಡೆಯ ಹೊರಮೈ ಕಂದು, ಒಡೆದ ಒಳಭಾಗ ಎಳೆ ಬೇವಿನೆಲೆಯ ಹಸಿರು. ಹಿಂದಿನ ಬೆಂಚಿನವರು ಎದ್ದು ಬಂದು ಮೇಜು ಮುತ್ತಿದರು. ಗಾಳಿ ತಾಗಿದ ಕಡೆ ಒಂದು ಬಣ್ಣ, ತಾಗದ ಕಡೆ ಒಂದು ಬಣ್ಣ. ಅಲ್ಲಿಂದ ಮಾತು ಬಾವಿಯ ರಾಟೆಯ ತುಕ್ಕಿಗೆ ಹೋಯಿತು, ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವುದಕ್ಕೆ ಹೋಯಿತು. ಆವತ್ತು ಕಾಯಿಸುವ ಪ್ರಯೋಗ ಮುಗಿಯಲಿಲ್ಲ, ಗಂಟೆ ಹೊಡೆಯಿತು. ಪಾಠಯೋಜನೆಯ ಲೆಕ್ಕದಲ್ಲಿ ಆ ಪೀರಿಯಡ್ಡು ದಂಡ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರದ ಪಾಠವನ್ನು ನಾನು ನೋಡಿಲ್ಲ.

ಸೀಸೆ ಅಷ್ಟು ಹಳೆಯದಾಗುವವರೆಗೆ ಉಳಿದದ್ದು ಯಾಕೆ? ದುಡ್ಡಿಲ್ಲ ಅನ್ನುವುದು ಸುಲಭದ ಉತ್ತರ, ಅರ್ಧ ಸತ್ಯ. ಉಳಿದ ಅರ್ಧ ಇರುವುದು ದಾಸ್ತಾನು ಪುಸ್ತಕದಲ್ಲಿ, ಅಂದರೆ ಸ್ಟಾಕ್ ರಿಜಿಸ್ಟರಿನಲ್ಲಿ. ಸರ್ಕಾರದ ದುಡ್ಡಿನಲ್ಲಿ ಶಾಲೆಗೆ ಬಂದ ಪ್ರತಿಯೊಂದು ಸಾಮಾನೂ ಅದರಲ್ಲಿ ಏರಬೇಕು. ಬೀಕರು ಇಷ್ಟು, ಕೋನಿಕಲ್ ಫ್ಲಾಸ್ಕು ಇಷ್ಟು, ಸೂಕ್ಷ್ಮದರ್ಶಕ ಒಂದು. ವಿಜ್ಞಾನದ ಮೇಷ್ಟ್ರು ಅದಕ್ಕೆ ಸಹಿ ಹಾಕಿ ಬೀಗದ ಕೈ ತೆಗೆದುಕೊಳ್ಳುತ್ತಾರೆ. ವರ್ಗವಾಗಿ ಹೋಗುವಾಗ ಪಟ್ಟಿಯ ಪ್ರಕಾರ ಒಂದೊಂದನ್ನೂ ಎಣಿಸಿ ಚಾರ್ಜ್ ವಹಿಸಿಕೊಡಬೇಕು. ಎರಡು ಬೀಕರ್ ಕಡಿಮೆ ಬಂದರೆ ವಿವರಣೆ, ಆಡಿಟ್ ಆಕ್ಷೇಪಣೆ, ಕೆಲವೊಮ್ಮೆ ಕೈಯಿಂದ ಕಟ್ಟಿ ಬಗೆಹರಿಸುವ ಪ್ರಮೇಯ. ಒಡೆದದ್ದನ್ನು ಲೆಕ್ಕದಿಂದ ತೆಗೆಯಲು ವಿಧಾನ ಇದೆ, ಇಲ್ಲ ಎಂದಲ್ಲ. ಅರ್ಜಿ, ಸಮಿತಿ, ಅನುಮೋದನೆ. ಹತ್ತಾರು ರೂಪಾಯಿಯ ಪ್ರನಾಳಕ್ಕೆ ಯಾರು ಅಷ್ಟು ಓಡಾಡುತ್ತಾರೆ? ಮೇಷ್ಟ್ರು ಬುದ್ಧಿವಂತರಾದರೆ ಮಾಡುವುದು ಒಂದೇ ಕೆಲಸ: ಬೀಗ ಹಾಕುವುದು.

ಗಾಜು ಅನ್ನುವುದು ಒಡೆಯುವ ವಸ್ತು. ಅದರಲ್ಲೂ ಅಗ್ಗದ ಸಾದಾ ಗಾಜಿನ ಪ್ರನಾಳ ಬೆಂಕಿಗೆ ಹಿಡಿದರೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಟಪ್ಪನೆ ಸೀಳುತ್ತದೆ. ಬೊರೊಸಿಲಿಕೇಟ್ ಗಾಜು ಶಾಖಕ್ಕೆ ಹಿಗ್ಗುವುದು ಸಾದಾ ಗಾಜಿನ ಸುಮಾರು ಮೂರನೇ ಒಂದು ಪಾಲು ಮಾತ್ರ, ಅದಕ್ಕೇ ಅದು ತಾಳುತ್ತದೆ, ಅದಕ್ಕೇ ಬೆಲೆಯೂ ಹೆಚ್ಚು. ಟೆಂಡರಿನಲ್ಲಿ ಕಡಿಮೆ ದರ ಕೂಗಿದವರ ಸಾಮಾನು ಶಾಲೆಗೆ ಬರುತ್ತದೆ. ಅದು ಒಡೆದರೆ ಹೊಣೆ ಮಾತ್ರ ಮೇಷ್ಟ್ರದ್ದು. ಮಜಾ ನೋಡಿ, ಬಳಸದೆ ಇಟ್ಟರೂ ಸಾಮಾನು ಉಳಿಯುವುದಿಲ್ಲ. ಮಲೆನಾಡಿನ, ಕರಾವಳಿಯ ಶಾಲೆಗಳಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿ ಜೋಪಾನವಾಗಿಟ್ಟ ಸೂಕ್ಷ್ಮದರ್ಶಕದ ಮಸೂರಕ್ಕೆ ಮಳೆಗಾಲದ ತೇವದಲ್ಲಿ ಬೂಸ್ಟು ಹಿಡಿಯುತ್ತದೆ. ಮೆಗ್ನೀಷಿಯಂ ಪಟ್ಟಿಯ ಮೇಲೆ ಬೂದು ಪೊರೆ ಕಟ್ಟಿ, ಉಪ್ಪುಕಾಗದದಿಂದ ತಿಕ್ಕದೆ ಹೊತ್ತಿಕೊಳ್ಳುವುದೇ ಇಲ್ಲ. ಆಮ್ಲದ ಸೀಸೆಯ ಮೇಲಿನ ಚೀಟಿಯನ್ನು ಆಮ್ಲದ ಆವಿಯೇ ತಿಂದುಹಾಕಿ, ಒಳಗಿರುವುದು ಯಾವುದು ಎಂದು ದೇವರಿಗೇ ಗೊತ್ತು ಅನ್ನುವ ಸ್ಥಿತಿ ಬರುತ್ತದೆ. ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಮಾತ್ರ ‘ಸುಸ್ಥಿತಿಯಲ್ಲಿದೆ’. ಪ್ರಯೋಗದಲ್ಲಿ ಒಡೆದ ಬೀಕರು ನಷ್ಟ, ಬೂಸ್ಟು ಹಿಡಿದ ಸೂಕ್ಷ್ಮದರ್ಶಕ ಆಸ್ತಿ. ಈ ಲೆಕ್ಕಶಾಸ್ತ್ರ ಬದಲಾಗದೆ ಎಷ್ಟು ಅನುದಾನ ಸುರಿದರೂ ಅದು ಬೀರುವಿನೊಳಗೇ ಹೋಗಿ ಕೂರುತ್ತದೆ.

ಇದಕ್ಕೆ ಅಡ್ಡದಾರಿ ಹುಡುಕಿದ ಮೇಷ್ಟ್ರುಗಳು ರಿಜಿಸ್ಟರಿಗೆ ಏರದ ವಸ್ತುಗಳಿಂದಲೇ ಪ್ರಯೋಗ ಕಟ್ಟಿದರು. ದಾಸವಾಳದ ಹೂವಿನ ರಸ ನಿಂಬೆಹುಳಿಗೆ ಕೆಂಪು, ಸೋಪಿನ ನೀರಿಗೆ ಹಸಿರು. ಮನೆಯಲ್ಲಿ ಮದುಮಕ್ಕಳಿಗೆ ಎತ್ತುವ ಆರತಿಯ ಕೆಂಪು ನೀರು ಅರಿಶಿನಕ್ಕೆ ಸುಣ್ಣ ಬೆರೆಸಿದ್ದು. ಆ ತಟ್ಟೆಗೆ ನಿಂಬೆರಸ ಹಿಂಡಿದರೆ ಕೆಂಪು ಹೋಗಿ ಹಳದಿ ಬರುತ್ತದೆ. ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಇದಕ್ಕಿಂತ ಬೇರೆ ಪೀಠಿಕೆ ಯಾಕೆ ಬೇಕು? ಎಲೆಯಡಿಕೆಯ ಸುಣ್ಣವನ್ನು ನೀರಿಗೆ ಕದಡಿ ತಿಳಿ ಬಸಿದುಕೊಂಡು ಎಳನೀರಿನ ಕೊಳವೆಯಿಂದ ಊದಿದರೆ ಅದು ಹಾಲಾಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣುತ್ತದೆ.

ಈ ದಾರಿಗೆ ಜಗತ್ತಿನಲ್ಲೂ ಒಂದು ಚರಿತ್ರೆ ಇದೆ. ಎರಡನೇ ಮಹಾಯುದ್ಧದಲ್ಲಿ ಶಾಲೆ, ಲ್ಯಾಬು ನೆಲಸಮವಾದ ದೇಶಗಳ ಮೇಷ್ಟ್ರುಗಳಿಗಾಗಿ ಯುನೆಸ್ಕೊ ಒಂದು ಚಿಕ್ಕ ಪುಸ್ತಕ ಹೊರತಂದಿತು. ಸುತ್ತ ಸಿಗುವ ಡಬ್ಬಿ, ತಂತಿ, ಬಾಟಲಿಗಳಿಂದ ಉಪಕರಣ ಮಾಡಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಅದೇ ಬೆಳೆದು 1956ರಲ್ಲಿ ವಿಜ್ಞಾನ ಬೋಧನೆಯ ದೊಡ್ಡ ಆಕರಗ್ರಂಥವಾಯಿತು. ನಮ್ಮಲ್ಲಿ ಅರವಿಂದ ಗುಪ್ತಾ ಬೆಂಕಿಕಡ್ಡಿಗೆ ಸೈಕಲ್ಲಿನ ವಾಲ್ವ್ ಟ್ಯೂಬ್ ಸಿಕ್ಕಿಸಿ ಘನ, ಪಿರಮಿಡ್ಡು, ಅಣುಗಳ ಮಾದರಿ ಕಟ್ಟಲು ತೊಡಗಿದ್ದು ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿಗಳಲ್ಲಿ.

ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ‘ಕಸದಿಂದ ರಸ ಮಾಡಿ’ ಎಂದು ವೇದಿಕೆ ಮೇಲೆ ಚಪ್ಪಾಳೆ ಗಿಟ್ಟಿಸುವುದು ಆಡಳಿತಕ್ಕೆ ಬಹಳ ಅನುಕೂಲದ ಮಾತು. ಸೂಚಕಕ್ಕೆ ದಾಸವಾಳ ಸಾಕು, ಅಮ್ಮೀಟರಿಗೆ ದಾಸವಾಳ ಸಾಲದು. ಮೇಷ್ಟ್ರ ಜಾಣತನವನ್ನು ಹೊಗಳುತ್ತಾ ಹೊಗಳುತ್ತಾ ಕೊಡಬೇಕಾದ್ದನ್ನು ಕೊಡದೆ ಜಾರಿಕೊಳ್ಳುವ ಸಂಭ್ರಮ ನನಗೆ ಒಪ್ಪಿಗೆಯಿಲ್ಲ.

ಹೋಶಂಗಾಬಾದ್ ಎಂದೆನಲ್ಲ, ಆ ಕಥೆ ಸ್ವಲ್ಪ ವಿವರವಾಗಿ ಹೇಳಬೇಕಾದ್ದು. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಹದಿನಾರು ಸರ್ಕಾರಿ ಮಾಧ್ಯಮಿಕ ಶಾಲೆಗಳನ್ನು ಹಿಡಿದುಕೊಂಡು ಒಂದು ಕೆಲಸ ಶುರುಮಾಡಿದವು. ದೆಹಲಿ ವಿಶ್ವವಿದ್ಯಾಲಯದವರು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ರಜೆ ಹಾಕಿ ಬಂದು ಹಳ್ಳಿಯ ಮೇಷ್ಟ್ರುಗಳ ಜೊತೆ ಕೂತರು. ಮಕ್ಕಳು ನಾಲ್ಕು ನಾಲ್ಕು ಜನರ ಗುಂಪಾಗಿ ಪ್ರಯೋಗ ಮಾಡಬೇಕು. ‘ಬಾಲ ವೈಜ್ಞಾನಿಕ’ ಎಂಬ ಪುಸ್ತಕದಲ್ಲಿ ಪ್ರಶ್ನೆ ಇತ್ತು, ಮಾಡುವ ವಿಧಾನ ಇತ್ತು, ಉತ್ತರ ಇರಲಿಲ್ಲ. ಹರಳು ಹಸಿರು ಎಂದು ಮೊದಲೇ ಬರೆದಿಡದ ಪುಸ್ತಕ! ಮಗು ಕಂಡದ್ದೇ ಉತ್ತರ, ಕಂಡದ್ದು ಬೇರೆ ಬೇರೆ ಆದರೆ ತರಗತಿ ಕೂತು ಚರ್ಚಿಸಬೇಕು. ಪರೀಕ್ಷೆಗೆ ಪುಸ್ತಕ, ನೋಟ್ಸು ಎರಡನ್ನೂ ಒಯ್ಯಬಹುದಿತ್ತು. ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಮೇಷ್ಟ್ರುಗಳು ತಿಂಗಳಿಗೊಮ್ಮೆ ಸೇರಿ ‘ನನ್ನ ಕ್ಲಾಸಿನಲ್ಲಿ ಇದು ಹೀಗೆ ಕೈಕೊಟ್ಟಿತು’ ಎಂದು ಹೇಳಿಕೊಳ್ಳುತ್ತಿದ್ದರು. ಮಕ್ಕಳ ಪ್ರಶ್ನೆಗಳಿಗೆ ಉತ್ತರ ಬರೆಯಲು ಸವಾಲೀರಾಮ್ ಎಂಬ ಕಾಲ್ಪನಿಕ ವ್ಯಕ್ತಿಯನ್ನೇ ಸೃಷ್ಟಿಸಿದ್ದರು. 1978ರಲ್ಲಿ ಇಡೀ ಜಿಲ್ಲೆಗೆ ವಿಸ್ತರಿಸಿದ ಈ ಕಾರ್ಯಕ್ರಮವನ್ನು ಮೂವತ್ತು ವರ್ಷ ತುಂಬುವ ಹೊತ್ತಿಗೆ, 2002ರಲ್ಲಿ, ರಾಜ್ಯ ಸರ್ಕಾರ ನಿಲ್ಲಿಸಿತು. ನಿಂತದ್ದಕ್ಕೆ ಬೇಸರ ಇದೆ. ಆದರೆ ನಮ್ಮಂಥದ್ದೇ ಸರ್ಕಾರಿ ಶಾಲೆ, ನಮ್ಮಂಥವರೇ ಮೇಷ್ಟ್ರುಗಳು ಮೂವತ್ತು ವರ್ಷ ನಡೆಸಿದರು ಅನ್ನುವುದು ಸಣ್ಣ ಮಾತಲ್ಲ.

ಕರ್ನಾಟಕದಲ್ಲಿ ಅಷ್ಟು ದೊಡ್ಡ ಕಾರ್ಯಕ್ರಮ ಶಾಲೆಯೊಳಗೆ ನಡೆಯಲಿಲ್ಲ. ನಮ್ಮಲ್ಲಿ ವಿಜ್ಞಾನದ ಮೇಷ್ಟ್ರುಗಳಿಗೆ ಆಸರೆಯಾದದ್ದು ಹೆಚ್ಚಾಗಿ ಶಾಲೆಯ ಹೊರಗಿನ ಕೆಲಸ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ನೂರು ವರ್ಷಕ್ಕೂ ಹಿಂದೆ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಒಬ್ಬ ಬಡ ಹುಡುಗ ಹೈಸ್ಕೂಲು ಓದಬೇಕೆಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಸ್ಸಿನ ದುಡ್ಡಿಲ್ಲದೆ ನಡೆದೇ ಬಂದ. ಮುಂದೆ ಅಮೆರಿಕದ ಒಹಾಯೊದಲ್ಲಿ ಪರಮಾಣು ಬೀಜ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಆದರೂ ಹಾಸ್ಟೆಲಿನ ಕೋಣೆ ಬಿಡದ ಆ ಹುಡುಗನೇ ಡಾ. ಎಚ್. ನರಸಿಂಹಯ್ಯ. ಅವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳಿಗೆ ಹೈಸ್ಕೂಲು ಮೇಷ್ಟ್ರುಗಳು ಹೋಗಿ ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಎಲ್ಲರಿಗೂ ಬೆಂಗಳೂರು ಎಟುಕುತ್ತದೆಯೇ? ಎಟುಕದವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಅಂಚೆಯಲ್ಲಿ ಬರುತ್ತಿತ್ತು. ಜೆ.ಆರ್. ಲಕ್ಷ್ಮಣರಾಯರಂಥವರು ಸಂಪಾದಿಸಿದ ಆ ಪತ್ರಿಕೆ ಮಕ್ಕಳಿಗೆಂದೇ ಇದ್ದದ್ದು. ಅದನ್ನು ಮೊದಲು ಬಿಚ್ಚಿ ಓದುತ್ತಿದ್ದವರು ಮಾತ್ರ ವಿಜ್ಞಾನದ ಮೇಷ್ಟ್ರು. ನಾಳಿನ ಪಾಠಕ್ಕೆ ಒಂದು ಪ್ರಶ್ನೆ, ಒಂದು ಪುಟ್ಟ ಪ್ರಯೋಗ ಅದರಲ್ಲಿ ಸಿಕ್ಕೇ ಸಿಗುತ್ತಿತ್ತು.

ಈಗ ಪರೀಕ್ಷೆಯ ಮಾತು. ಎಸ್ಸೆಸ್ಸೆಲ್ಸಿ ವಿಜ್ಞಾನಕ್ಕೆ 80 ಅಂಕದ ಬರವಣಿಗೆಯ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. ಪ್ರಯೋಗ ಪರೀಕ್ಷೆ ಎಂಬುದು ಇಲ್ಲ. ಬ್ಯುರೆಟ್ಟು ಪಿಪೆಟ್ಟು ಹಿಡಿಯುವ ಭಾಗ್ಯ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರಿಗೆ ಮಾತ್ರ. ಫಲಿತಾಂಶ ಕಡಿಮೆಯಾದರೆ ಬಿಇಒ ಕಚೇರಿಯಿಂದ ನೋಟಿಸು ಬರುವುದು ಮೇಷ್ಟ್ರಿಗೆ. ಹಾಗಾಗಿ ಜನವರಿ ಬಂತೆಂದರೆ ಬೀರು ಮುಚ್ಚಿ ‘ಪಾಸಿಂಗ್ ಪ್ಯಾಕೇಜ್’ ಬಿಚ್ಚುತ್ತಾರೆ. ಇಂಥಿಂಥ ಚಿತ್ರ, ಇಂಥಿಂಥ ವ್ಯಾಖ್ಯೆ, ಇಷ್ಟು ಬಾಯಿಪಾಠ ಮಾಡಿದರೆ ಪಾಸು. ಇದನ್ನು ಕಂಡು ಮೂಗು ಮುರಿಯುವುದು ಸುಲಭ, ನಾನು ಮುರಿಯುವುದಿಲ್ಲ. ಹತ್ತನೇ ತರಗತಿ ನಪಾಸಾದ ಹಳ್ಳಿಯ ಹುಡುಗಿಗೆ ಮನೆಯಲ್ಲಿ ಗಂಡು ಹುಡುಕಲು ಶುರುಮಾಡುತ್ತಾರೆ, ಹುಡುಗನನ್ನು ಗಾರೆ ಕೆಲಸಕ್ಕೆ ಕಳಿಸುತ್ತಾರೆ. ಬೆಳಗಿನ ಜಾವ ಐದಕ್ಕೆ ಮಕ್ಕಳ ಮನೆಗೆ ಫೋನು ಮಾಡಿ ‘ಏಳಪ್ಪಾ, ಓದಿಕೋ’ ಎಂದು ಎಬ್ಬಿಸುವ ಮೇಷ್ಟ್ರುಗಳನ್ನು ನಾನು ಬಲ್ಲೆ. ಆ ಪ್ಯಾಕೇಜು ಅವರ ಕಾಳಜಿಯೇ. ಪ್ರಯೋಗ ಮಾಡಿದ್ದಕ್ಕೆ ಅಂಕವಿಲ್ಲದ ಪರೀಕ್ಷೆ ಇಟ್ಟವರು ಅವರಲ್ಲ.

ಬಹುಕಾಲ ಆ ಪ್ಯಾಕೇಜಿನ ಖಾಯಂ ಗಿರಾಕಿ ಎಂದರೆ ವಿದ್ಯುತ್ ಮೋಟಾರಿನ ಚಿತ್ರ. ಎರಡು ಆಯಸ್ಕಾಂತ, ನಡುವೆ ಆಯತಾಕಾರದ ಒಂದು ಸುರುಳಿ, ಕೆಳಗೆ ಎರಡು ಅರ್ಧ ಉಂಗುರ, ಎರಡು ಕುಂಚ. ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.’ ರಾಜ್ಯದ ಲಕ್ಷಾಂತರ ಮಕ್ಕಳು ಅದನ್ನು ಕಣ್ಣುಮುಚ್ಚಿ ಬರೆಯಬಲ್ಲವರಾಗಿದ್ದರು, ಮೋಟಾರು ಬಿಚ್ಚಿ ನೋಡಿದವರು ಎಷ್ಟು ಮಂದಿಯೋ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಪಿಸಿಎಂ ಸಾರ್ ಒಂದು ಸಲ ತಮ್ಮ ಮಗನ ಮುರಿದ ಆಟದ ಕಾರಿನಿಂದ ಹೆಬ್ಬೆರಳು ಗಾತ್ರದ ಮೋಟಾರು ಕಿತ್ತು ತಂದರು. ತಗಡಿನ ಹೊದಿಕೆಯ ಮಡಿಕೆಗಳನ್ನು ಸ್ಕ್ರೂಡ್ರೈವರಿನಿಂದ ಬಿಡಿಸಿ, ಒಳಗಿನ ತಿರುಗುವ ಭಾಗವನ್ನು ಎಳೆದು ಮಕ್ಕಳ ಕೈಗೆ ಕೊಟ್ಟರು. ಹೊದಿಕೆಯ ಒಳಮೈಗೆ ಅಂಟಿದ ಎರಡು ಬಾಗಿದ ಆಯಸ್ಕಾಂತ, ಕೂದಲಿನಂಥ ತಾಮ್ರದ ತಂತಿ. ಒಬ್ಬ ಹುಡುಗ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಎಣಿಸಿ ನೋಡಿ ಕೇಳಿದ: ‘ಸಾರ್, ಪುಸ್ತಕದಾಗೆ ಸುರುಳಿ ಒಂದು, ಉಂಗುರದ ತುಂಡು ಎರಡು. ಇದರಾಗೆ ಮೂರು ಮೂರು ಅದಾವಲ್ಲ?’

ಸಾರ್ ಉತ್ತರ ಹೇಳಲಿಲ್ಲ. ದಪ್ಪ ತಂತಿಯಿಂದ ಪುಸ್ತಕದಲ್ಲಿದ್ದಂತೆಯೇ ಒಂದೇ ಸುರುಳಿಯ ಮೋಟಾರು ಮಾಡಿಕೊಂಡು ಬನ್ನಿ ಎಂದರು. ಎರಡು ಪಿನ್ನು, ಒಂದು ಸೆಲ್ಲು, ಸ್ಪೀಕರಿನ ಆಯಸ್ಕಾಂತ. ಮಾರನೆಯ ವಾರ ಅದು ತಿರುಗಿತು, ಆದರೆ ಒಂದು ತರಲೆ ಇತ್ತು. ಸುರುಳಿ ಯಾವುದೋ ಒಂದು ನಿಲುವಿನಲ್ಲಿ ನಿಂತಿದ್ದರೆ ಎಷ್ಟು ಹೊತ್ತಾದರೂ ತಾನಾಗಿ ಹೊರಡುತ್ತಿರಲಿಲ್ಲ, ಬೆರಳಿನಿಂದ ತಳ್ಳಬೇಕಾಗಿತ್ತು. ಆಟದ ಕಾರಿನ ಮೋಟಾರನ್ನು ಹೇಗೆ ನಿಲ್ಲಿಸಿ ಸೆಲ್ಲು ಮುಟ್ಟಿಸಿದರೂ ಹೊರಟೇ ಹೊರಡುತ್ತಿತ್ತು. ಆಗ ಆ ಹುಡುಗನಿಗೇ ಹೊಳೆಯಿತು. ಎರಡು ತುಂಡಿನ ಉಂಗುರದಲ್ಲಿ ಕುಂಚಗಳು ಸಂದಿಯ ಮೇಲೆ ಬಂದು ನಿಂತರೆ ತಿರುಗಿಸುವ ಬಲ ಇಲ್ಲ. ಮೂರು ತುಂಡಾದರೆ ಯಾವಾಗಲೂ ಒಂದಲ್ಲ ಒಂದು ಸುರುಳಿ ಎಳೆತದಲ್ಲಿ ಇದ್ದೇ ಇರುತ್ತದೆ. ಪುಸ್ತಕ ತಪ್ಪಲ್ಲ, ಅದು ಸರಳ ಮಾಡಿ ಹೇಳಿತ್ತು. ಕಾರ್ಖಾನೆಯವನೂ ಸುಮ್ಮನೆ ಮೂರು ಹಾಕಿರಲಿಲ್ಲ. ಇದನ್ನು ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ. ಆ ಹುಡುಗ ಐಟಿಐ ಮಾಡಿ ಈಗ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ತಾಲ್ಲೂಕಿನಲ್ಲಿ ಒಳ್ಳೆಯ ಹೆಸರು.

ಜೀವಶಾಸ್ತ್ರದ ಕಡೆ ಇನ್ನೊಂದು ಬೀಗ ಇದೆ, ಅದು ಬಾಯಿಗೆ ಹಾಕಿದ್ದು. ಸಂತಾನೋತ್ಪತ್ತಿಯ ಪಾಠ ಬಂದಾಗ ‘ಇದನ್ನು ನೀವೇ ಓದಿಕೊಳ್ಳಿ’ ಎಂದು ಪುಟ ಮಗುಚುವವರು ಈಗಲೂ ಇದ್ದಾರೆ. ಅದನ್ನು ಮುಖ ಬಾಡಿಸದೆ, ನಗು ತರಿಸದೆ, ಎಲೆಯ ರಂಧ್ರದ ಪಾಠದಷ್ಟೇ ಸಹಜವಾಗಿ ಮಾಡುವ ಸಿಬಿಝಡ್ ಮೇಡಂ ಇರುವ ಶಾಲೆಯಲ್ಲಿ ಹುಡುಗಿಯರು ಹೊಟ್ಟೆನೋವಿಗೆ ಸುಳ್ಳು ಕಾರಣ ಹೇಳುವುದಿಲ್ಲ. ಹುಡುಗರೂ ಕಿಸಕ್ಕನೆ ನಗುವುದು ಮೊದಲ ದಿನ ಮಾತ್ರ.

ಕೇಳುಗರಲ್ಲಿ ಹಳೆಯ ವಿದ್ಯಾರ್ಥಿಗಳು ಇದ್ದೀರಿ, ಊರಿನ ಶಾಲೆಗೆ ಏನಾದರೂ ಕೊಡಬೇಕೆಂದು ಆಸೆಪಡುವವರು ಇದ್ದೀರಿ. ದಾನಿಗಳ ಹೆಸರು ಕೆತ್ತಿದ ಕಮಾನು, ಗೋಡೆಗೆ ನೇತುಹಾಕುವ ದೊಡ್ಡ ಟಿವಿ, ಇವನ್ನು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನೀವು ಒಂದು ಕೆಲಸ ಮಾಡಿ. ಮೊದಲು ವಿಜ್ಞಾನದ ಇಬ್ಬರು ಮೇಷ್ಟ್ರುಗಳನ್ನು ಕಂಡು ಏನು ಬೇಕು ಎಂದು ಕೇಳಿ. ಅವರು ಕೇಳುವುದು ಚಿಕ್ಕಪುಟ್ಟ ಸಾಮಾನು: ಬಿಸಿ ತಾಳುವ ಗಾಜಿನ ಎರಡು ಡಜನ್ ಪ್ರನಾಳ, ಎಲೆಯ ಪಿಷ್ಟದ ಪ್ರಯೋಗಕ್ಕೆ ಒಂದೆರಡು ಲೀಟರ್ ಸ್ಪಿರಿಟ್ಟು, ಅಯೋಡಿನ್ನು, ಉಪ್ಪುಕಾಗದ, ತಾಮ್ರದ ತಂತಿ, ಸೆಲ್ಲು, ಹೊಸದಾಗಿ ಒಂದು ಸೀಸೆ ಫೆರಸ್ ಸಲ್ಫೇಟು, ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕ, ಒಂದು ಬಕೆಟ್ಟು ಮರಳು. ಮೋಟಾರು, ಮಿಕ್ಸಿ, ರೇಡಿಯೊ ಕೆಟ್ಟದ್ದಿದ್ದರೆ ಅದನ್ನೂ ಕೊಡಿ, ಗುಜರಿಗೆ ಹಾಕಬೇಡಿ. ಕೊಡುವಾಗ ಹೆಡ್‌ಮಾಸ್ಟರಿಗೆ ಮರೆಯದೆ ಒಂದು ಮಾತು ಹೇಳಿ: ‘ಸಾರ್, ಇದನ್ನು ಶಾಶ್ವತ ದಾಸ್ತಾನಿಗೆ ಏರಿಸಬೇಡಿ, ಬಳಸಿ ಮುಗಿಸುವ ಸಾಮಾನಿನ ಲೆಕ್ಕಕ್ಕೆ ಬರಕೊಳ್ಳಿ. ಮುಂದಿನ ಜೂನ್‌ಗೆ ಬರ್ತೀನಿ, ಅಷ್ಟೂ ಒಡೆದಿದ್ದರೆ ಮತ್ತೆ ತಂದುಕೊಡ್ತೀನಿ.’